ರಸ್ತೆ ಕಡೆ ಉಬ್ಬಿದ ಗೋಡೆ

ನನ್ನ ಕಸುಬು ಹಳೇ ಕಟ್ಟಡಗಳ ಚರಿತ್ರೆ. ಅದರಲ್ಲೂ ಬರೋಕ್, ಅಂದರೆ ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನವರು ಗೋಡೆಗಳನ್ನು ನೆಟ್ಟಗೆ ಕಟ್ಟದೆ ಉಬ್ಬಿಸಿ, ಬಳುಕಿಸಿ ಕಟ್ಟಿದ ಶೈಲಿ. ಇಂಥದ್ದನ್ನು ಓದಿಕೊಂಡು ಬಂದವಳು ವೈಟ್‌ಫೀಲ್ಡು, ಪೀಣ್ಯ ಅಂತ ಅಲೆದರೆ ನಗೆಪಾಟಲಾಗುವುದು ದಿನನಿತ್ಯದ ಮಾತು. ಕುಂದಲಹಳ್ಳಿ ಹತ್ತಿರದ ಒಂದೇ ಒಂದು ಚರ್ಚಿನಿಂದ ಆದದ್ದನ್ನಷ್ಟೇ ಹೇಳುತ್ತೇನೆ.

ಗೋವಾ ಕಡೆ ನೋಡಿ ಬಂದ ಯಾವನೋ ಮೇಸ್ತ್ರಿ ಕಟ್ಟಿದ ಪುಟ್ಟ ಚರ್ಚು. ಮುಂದಿನ ಗೋಡೆ ಪೂರಿಯ ಹಾಗೆ ರಸ್ತೆ ಕಡೆಗೆ ಉಬ್ಬಿತ್ತು. ಅದನ್ನು ಕೆಡವಿ, ಐಟಿ ಆಫೀಸುಗಳ ಹಾಗೆ ಗಾಜಿನದೊಂದನ್ನು ಕಟ್ಟಲು ಚರ್ಚಿನ ಕಮಿಟಿಯವರು ಹೊರಟಿದ್ದರು. ಉಳಿಸಲು ನಾನೊಬ್ಬಳು ಹೊರಟಿದ್ದೆ. ಈ ಕಡೆ ಅಂಥದ್ದು ಇನ್ನೊಂದಿಲ್ಲ, ಹೋದರೆ ಹೋಯಿತು.

೧. ಟೇಪು

ಮೊದಲ ದಿನ ಟೇಪು ಹಿಡಿದು ಅಳೆಯುತ್ತಿದ್ದೆ. ಐದೇ ನಿಮಿಷಕ್ಕೆ ಬೀದಿಯವರೆಲ್ಲ ಹೊರಗೆ ಬಂದರು. ಪಕ್ಕದ ಮನೆಯ ಅಜ್ಜಿ ಎಳನೀರು ಹಿಡಿದುಕೊಂಡೇ ಬಂದರು.

"ನಮ್ಮನೇದು ಎಷ್ಟಡಿ ಓಯ್ತದವ್ವಾ?"

"ಅಜ್ಜಿ, ನಾನು ರಸ್ತೆ ಅಗಲ ಮಾಡೋರ ಕಡೆಯವಳಲ್ಲ. ಈ ಚರ್ಚಿನ ಚರಿತ್ರೆ ಬರೀತಿದೀನಿ."

"ಎಲ್ರೂ ಅಂಗೇ ಯೋಳೋದು. ಮೊದ್ಲು ಎಳ್ನೀರು ಕುಡಿ."

ಕುಡಿದು ಮುಗಿಸುವಷ್ಟರಲ್ಲಿ ಅಜ್ಜಿ ಟೇಪಿನ ತುದಿಯನ್ನು ಎತ್ತಿಕೊಂಡು ಹೋಗಿ ಎದುರು ಮನೆಯ ಕಾಂಪೌಂಡಿಗೆ ಹಿಡಿದು ನಿಂತಿದ್ದರು. "ಬರ್ಕೊ ಅವ್ವಾ. ಜಾಗ ಈ ಕಡೆನೇ ಜಾಸ್ತಿ ಐತೆ."

೨. ಸರಳು

ಗೋಡೆ ಬಿರುಕು ಬಿಟ್ಟಿತ್ತು. ಚರ್ಚು ಉಳಿದೇ ಉಳಿಯುತ್ತದೆಂಬ ಹುಚ್ಚು ಧೈರ್ಯದಲ್ಲಿ, ಗೋಡೆಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಸರಳು ಮಾಡಿಸಲು ಪೀಣ್ಯದ ಸಣ್ಣ ವರ್ಕ್‌ಶಾಪೊಂದಕ್ಕೆ ಹೋದೆ. ಮಾಲೀಕರು ನನ್ನ ಡ್ರಾಯಿಂಗನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ಮೈಕ್ರಾನ್ ಹೆಚ್ಚುಕಮ್ಮಿ ಆದ್ರೆ ನಡಿಯುತ್ತೆ ಮೇಡಂ?" ಅವರದು ಕೂದಲೆಳೆಗಿಂತ ಸಣ್ಣ ಲೆಕ್ಕ.

"ಗೋಡೆನೇ ನಾಲ್ಕಿಂಚು ವಾಲಿದೆ ಸಾರ್. ಸರಳು ಅರ್ಧ ಇಂಚು ಆಚೀಚೆ ಆದ್ರೂ ನಡಿಯುತ್ತೆ."

ಅವರು ಪೆನ್ಸಿಲು ಕೆಳಗಿಟ್ಟರು.

"ನಾಲ್ಕಿಂಚಾ? ನಮ್ಮಲ್ಲಾಗಿದ್ರೆ ಗೋಡೆನೇ ರಿಜೆಕ್ಟ್ ಮಾಡ್ತಿದ್ವಿ ಮೇಡಂ."

೩. ಸಭೆ

ಕೊನೆಗೊಂದು ಭಾನುವಾರ ಕಮಿಟಿಯ ಸಭೆ. ಕೆಡವುವುದೋ ಬಿಡುವುದೋ ಅಂದೇ ತೀರ್ಮಾನ. ನಾನು ಮುಕ್ಕಾಲು ಗಂಟೆ ಬರೋಕ್ ಬಗ್ಗೆ ಕೊರೆದೆ. ಕಮಿಟಿಯ ಹಿರಿಯರೊಬ್ಬರು ಬಾಯ್ತುಂಬ ಆಕಳಿಸಿದರು. ಮುಗೀತು ಕಥೆ ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಜ್ಜಿ ಎದ್ದರು, ಹಣೆಯ ಮೇಲೆ ಕಾಸಗಲ ಕುಂಕುಮ. ಅವರ ಹಿಂದೆ, ಚರ್ಚಿನೊಳಗೆ ಯಾವತ್ತೂ ಕಾಲಿಡದ ಇಡೀ ಬೀದಿ.

"ಆ ಗೋಡೆ ಒಬ್ರೂ ಮುಟ್ಟಂಗಿಲ್ಲ!"

ಗದ್ದಲಕ್ಕೆ ಕಮಿಟಿ ಬಗ್ಗಿತು. "ಆಯ್ತಮ್ಮ, ರಿಪೇರಿನೇ ಮಾಡ್ಸೋಣ" ಅಂದರು ಫಾದರ್.

ನನಗೆ ಕಣ್ಣು ತುಂಬಿ ಬಂತು. ಅಜ್ಜಿಯ ಕೈ ಹಿಡಿದು, "ನನ್ನ ಮಾತು ನಿಮಗಾದ್ರೂ ಅರ್ಥ ಆಯ್ತಲ್ಲ" ಅಂದೆ.

"ನಿನ್ ಮಾತು ಯಾರ್ಗವ್ವಾ ಅರ್ಥ ಆಯ್ತು? ಇದ್ನ ಕೆಡವಿದ್ರೆ ಒಸದ್ನ ಇಂದಕ್ಕೆ ಕಟ್ತಾರೆ, ರಸ್ತೆ ನಮ್ ಬಾಗಿಲ್ಗೇ ಬತ್ತದೆ. ಈ ಗೋಡೆ ಅಡ್ಡ ಇರೋಗಂಟ ನಮ್ಮನೆಗಳು ಉಳ್ಕತವೆ."

ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಎಂಗೂ ರಿಪೇರಿ ಮಾಡ್ತೀಯಲ್ಲ, ಇನ್ನೊಂದ್ ಎರಡಡಿ ರಸ್ತೆ ಕಡೀಕೆ ಉಬ್ಬಿಸ್ಬುಡವ್ವಾ."