ವಿಠೋಬನಿಗೆ ತಕ್ಕ ವೇಗ

ಮದುವೆಯಾಗದೆ ಉಳಿದವನ ಹತ್ತಿರ ಬೇಕಾದಷ್ಟು ಸಮಯ ಬಿದ್ದಿರುತ್ತದೆ ಎಂಬುದು ನಮ್ಮ ಕಾರವಾರದ ಕೋಡಿಬಾಗದ ಓಣಿಯವರ ದೃಢವಾದ ನಂಬಿಕೆ. ಗೋವೆಗೆ ನೆಂಟರ ಮನೆಗೆ ಹೊರಟವರು ಮನೆಯ ಕೀಲಿಯನ್ನು ನನ್ನ ಕೈಗಿಡುತ್ತಾರೆ. ಗ್ಯಾಸ್ ಸಿಲಿಂಡರ್ ಬಂದರೆ ಇಳಿಸಿಕೊಳ್ಳುವವನು ನಾನು, ಅಂಗಳದಲ್ಲಿ ಒಣಹಾಕಿದ ಮೀನನ್ನು ಕಾಗೆಗಳಿಂದ ಕಾಯುವವನೂ ನಾನು. ಎದುರಿಗೆ ಎಷ್ಟೇ ಗೊಣಗಿಕೊಂಡರೂ ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಕಾಲೇಜಿನ ಪ್ರಯೋಗಾಲಯದ ಕೆಲಸದಿಂದ ನಿವೃತ್ತನಾದ ಮೇಲೆ ಸಮಯ ನಿಜಕ್ಕೂ ಬಿದ್ದಿದೆ. ಬೆಳಿಗ್ಗೆ ಚಹಾ ಕುಡಿದು, ಪೇಪರಿನ ಟೆಂಡರ್ ನೋಟೀಸನ್ನೂ ಬಿಡದೆ ಓದಿ ತಲೆಯೆತ್ತಿದರೆ ಗಡಿಯಾರ ಇನ್ನೂ ಎಂಟೂವರೆಯಲ್ಲೇ ನಿಂತಿರುತ್ತದೆ. ಆಮೇಲೆ ಇಡೀ ದಿನ ನನ್ನ ಜೊತೆ ದನಿಯೆತ್ತಿ ಮಾತಾಡುವುದು ಕುಕ್ಕರ್ ಒಂದೇ.

ಇಂಥ ಒಂದು ದಿನವೇ ನಾನು ಎಮ್ಯುಲೇಟರ್ ಎಂಬುದರ ಕೈಗೆ ಸಿಕ್ಕಿಬಿದ್ದದ್ದು. ಇದು ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವ ಒಂದು ತಂತ್ರಾಂಶ. ಹಾಕಿದೊಡನೆ ಈ ಕಾಲದ ಲ್ಯಾಪ್‌ಟಾಪ್ ತಾನು ಹಳೆಯ ಕಾಲದ ಮನೆ ಕಂಪ್ಯೂಟರ್ ಎಂದು ನಟಿಸತೊಡಗುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಮಸ್ಕತ್‌ನಲ್ಲಿದ್ದ ಸೋದರಮಾವ ಅಂಥದ್ದೊಂದನ್ನು ತಂದುಕೊಟ್ಟಿದ್ದ. ನೋಡಲಿಕ್ಕೆ ಬರೀ ಕೀಬೋರ್ಡು, ಟಿವಿಗೆ ಜೋಡಿಸಿದರೆ ಕಂಪ್ಯೂಟರು. ಆಗ ನನ್ನ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿದ್ದವನು ಬೇಲೇಕೇರಿಯ ವಿಠೋಬ, ಮೀನುಗಾರರ ಮನೆಯ ಹುಡುಗ. ಮನೆಯೊಡೆಯರು ದೇವಸ್ಥಾನಕ್ಕೆ ಹೋದದ್ದೇ ತಡ, ಅವರ ಟಿವಿಗೆ ವಯರು ಸಿಕ್ಕಿಸಿ ನಾವೇ ಬರೆದ ಆಟವೊಂದನ್ನು ಆಡುತ್ತಿದ್ದೆವು. ಪರದೆಯ ಆಚೆಗೊಂದು ಕೋಲು, ಈಚೆಗೊಂದು ಕೋಲು, ನಡುವೆ ಓಡಾಡುವ ಒಂದು ಚೆಂಡು. ಆಮೇಲೆ ನಾನು ಕಾರವಾರದಲ್ಲೇ ಕೆಲಸಕ್ಕೆ ಸೇರಿದೆ, ವಿಠೋಬ ಅಂಕೋಲೆಯಲ್ಲಿ ಮೀನಿನ ವ್ಯಾಪಾರಕ್ಕೆ ಇಳಿದ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಇಷ್ಟು ಹತ್ತಿರ ಇದ್ದವರನ್ನು ಯಾವಾಗ ಬೇಕಾದರೂ ನೋಡಬಹುದಲ್ಲ ಎಂದುಕೊಂಡು ನಾವು ವರ್ಷಗಟ್ಟಲೆ ನೋಡದೇ ಇದ್ದೆವು.

ಆ ಆಟವನ್ನು ನೆನಪಿನಿಂದಲೇ ಮತ್ತೆ ಬರೆದೆ. ಅಂಗಡಿಗೆ ಹೋಗಿ ಕೊತ್ತಂಬರಿ ಮರೆತು ಬರುವ ತಲೆಯಲ್ಲಿ ಅದರ ಒಂದೊಂದು ಸಾಲೂ ಹಾಗೇ ಕೂತಿತ್ತು. ತೊಂದರೆ ಶುರುವಾದದ್ದು ಅನಂತರ. ಹಳೆಯ ಕಂಪ್ಯೂಟರಿನಲ್ಲಿ ಚೆಂಡು ನಿಧಾನವಾಗಿ ಚಲಿಸಲೆಂದು ನಾವು ಅದಕ್ಕೆ ಹೆಜ್ಜೆಗೊಮ್ಮೆ ಸುಮ್ಮನೆ ಅಂಕಿ ಎಣಿಸುವ ಕೆಲಸ ಹಚ್ಚಿದ್ದೆವು. ಎಣಿಸುವುದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರು. ಅದರ ವೇಗ ತಪ್ಪಿದರೆ ಚೆಂಡಿನ ವೇಗವೂ ತಪ್ಪುತ್ತದೆ. ಮಾವ ತಂದ ಮಾದರಿ ಎಮ್ಯುಲೇಟರಿನ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ವೇಗವೆಷ್ಟು ಎಂಬ ಖಾಲಿ ಚೌಕವನ್ನು ನಾನೇ ತುಂಬಬೇಕಿತ್ತು. ಒಂದು ಅಂಕಿ ತುಂಬಿದೆ, ಚೆಂಡು ಕಣ್ಣಿಗೇ ಬೀಳದೆ ಆಟ ಮುಗಿಯಿತು. ಇನ್ನೊಂದು ತುಂಬಿದೆ, ಚೆಂಡು ಮಧ್ಯಾಹ್ನದ ಊಟ ಮುಗಿಸಿದವನ ಹಾಗೆ ತೂಕಡಿಸುತ್ತಾ ಬಂತು. ಅದರ ಪಕ್ಕದಲ್ಲೇ ‘ಟರ್ಬೊ’ ಎಂಬ ಗುಂಡಿಯಿತ್ತು. ಒಳ್ಳೆಯದೇ ಇರಬೇಕೆಂದು ಒತ್ತಿದೆ, ಲ್ಯಾಪ್‌ಟಾಪಿನ ಫ್ಯಾನು ಕೂಗಿಕೊಂಡಿತು. ವೇಗ ಸರಿಯೋ ಇಲ್ಲವೋ ಎಂದು ತಿಳಿಯಲು ಆಡಿಯೇ ನೋಡಬೇಕು, ಆಟಕ್ಕೆ ಇಬ್ಬರು ಬೇಕು. ಹಾಗಾಗಿ ಎಡಗೈಯನ್ನು ಒಬ್ಬ, ಬಲಗೈಯನ್ನು ಇನ್ನೊಬ್ಬ ಎಂದು ಮಾಡಿಕೊಂಡು ಆಡಿದೆ. ಎಡಗೈ ಗೆದ್ದಿತು. ನನಗೆ ಸಂತೋಷವಾಯಿತು. ಆ ಸಂತೋಷದಲ್ಲಿ ‘ಭಲೇ’ ಎಂದು ಗಟ್ಟಿಯಾಗಿ ಹೇಳಿದ್ದು ನನ್ನ ಕಿವಿಗೇ ಬಿದ್ದಾಗ ಮನೆ ಎಷ್ಟು ಖಾಲಿಯಾಗಿದೆ ಎಂದು ಗೊತ್ತಾಯಿತು. ಲ್ಯಾಪ್‌ಟಾಪ್ ಮುಚ್ಚಿದೆ.

ಆಮೇಲೆ ಮೊಬೈಲಿನಲ್ಲಿ ವಿಠೋಬನ ನಂಬರು ಹುಡುಕಿದೆ. ಇಷ್ಟು ವರ್ಷಗಳ ಮೇಲೆ ಫೋನ್ ಮಾಡಿದವನು ಮೊದಲು ಆರೋಗ್ಯ ವಿಚಾರಿಸಬೇಕು. ನಾನು ಸಂಕೋಚಕ್ಕೆ ನೇರವಾಗಿ ನಮ್ಮ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ವೇಗವೆಷ್ಟು ಎಂದೇ ಕೇಳಿದೆ. ಅವನು, “ಅದೆಲ್ಲ ಯಾರಿಗೆ ನೆನಪದೆ ಮಾರಾಯ. ಚೆಂಡು ಕಣ್ಣಾರೆ ಕಂಡ್ರೆ ಹೇಳೂಕಾಗುದು,” ಎಂದ.

ಮರುದಿನವೇ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಬಂಗಡೆ ಮೀನು ತಂದಿದ್ದ. ತಲೆ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ. ನನ್ನನ್ನು ನೋಡಿ ಅವನಿಗೂ ಏನೇನೋ ಅನಿಸಿರಬೇಕು, ಇಬ್ಬರೂ ಹೇಳಲಿಲ್ಲ. ಆಡಲು ಕೂತೆವು. ನಾನು ಒಂದು ಅಂಕಿ ತುಂಬುವುದು, ಅವನು ಇದು ಜೋರು ಎನ್ನುವುದು. ಮೊದಲು ಹೀಗಿರಲಿಲ್ಲ, ಇನ್ನೂ ಮೆಲ್ಲಗೆ ಇತ್ತು ಎಂದು ಅವನು ಹಟ ಹಿಡಿದ. ನನ್ನ ನೆನಪಿನ ಪ್ರಕಾರ ವೇಗ ಯಾವಾಗಲೋ ಸರಿಹೋಗಿತ್ತು. ಅವನು ಕೋಲನ್ನು ಚೆಂಡು ಇಲ್ಲದ ಕಡೆಗೆ ಓಡಿಸುವುದನ್ನು ನೋಡಿದ ಮೇಲೆ ಮೆಲ್ಲಗೆ ಇದ್ದದ್ದು ಆಗಿನ ಚೆಂಡಲ್ಲ, ಈಗಿನ ಅವನ ಕಣ್ಣು ಎಂದು ಹೊಳೆಯಿತು. ಮಾತಾಡದೆ ವೇಗ ಇಳಿಸಿದೆ. ಮತ್ತೂ ಇಳಿಸಿದೆ. ಚೆಂಡು ಆಚೆ ದಡದಿಂದ ಈಚೆ ದಡಕ್ಕೆ ಕಾಳಿ ನದಿಯ ದೋಣಿಯ ಹಾಗೆ ಬರತೊಡಗಿತು.

“ಹಾಂ, ಇದೇ,” ಎಂದ ವಿಠೋಬ. ಹೊಡೆದ ಚೆಂಡು ಹಿಂದಿರುಗುವ ತನಕ ಇಬ್ಬರಿಗೂ ಕೆಲಸವಿರಲಿಲ್ಲ. ಏನಾದರೂ ಮಾತಾಡಬೇಕಲ್ಲ, ಶಾರದಾ ಹೇಗಿದ್ದಾಳೆ ಎಂದು ಕೇಳಿದೆ. ಅವಳು ಅವನ ಹೆಂಡತಿ. ಅವರ ಮದುವೆಯಲ್ಲಿ ಎರಡು ದಿನ ಬಡಿಸಿದವನು ನಾನು. ಅವನು ಪರದೆಯಿಂದ ಕಣ್ಣು ತೆಗೆಯದೆ, “ಶಾರದಾ ತೀರಿಹೋದ್ಲು, ಹೋದ ಮಳೆಗಾಲದಲ್ಲಿ. ನಿಂಗೆ ಹೇಳೂದೇ ಆಗ್ಲಿಲ್ಲ,” ಎಂದ.

ಚೆಂಡು ನನ್ನ ಕಡೆಗೆ ಬಂತು. ನಾನು ಕೋಲು ಸರಿಸಲಿಲ್ಲ. ಪಾಯಿಂಟು ಅವನದಾಯಿತು. ಅವನೂ ಅದನ್ನು ಗಮನಿಸಲಿಲ್ಲ. ಮನೆಯಲ್ಲಿ ಈಗ ತಾನೊಬ್ಬನೇ ಎಂದೂ, ವ್ಯಾಪಾರ ಬಿಟ್ಟಿದ್ದೇನೆಂದೂ, ಸಂಜೆಯಾದರೆ ಬಂದರಿನ ಕಡೆ ಹೋಗಿ ಗುರುತಿಲ್ಲದವರ ದೋಣಿಗಳನ್ನೂ ನೋಡುತ್ತಾ ನಿಲ್ಲುತ್ತೇನೆಂದೂ ಒಂದೊಂದಾಗಿ ಹೇಳಿದ. ನಡುನಡುವೆ ಚೆಂಡು ಹೋಗಿಬರುತ್ತಿತ್ತು. ನನಗೆ ಸಮಾಧಾನದ ಮಾತು ಬರುವುದಿಲ್ಲ. ಎದ್ದು ಬಂಗಡೆ ಹುರಿದೆ. ಒಂದು ಬದಿ ಕರಕಲಾಯಿತು, ಅವನು ಆ ಬದಿಯನ್ನೂ ಬಿಡದೆ ತಿಂದ. ಸಂಜೆಯ ಬಸ್ಸಿಗೆ ಹತ್ತುವಾಗ ಮತ್ತೆ ಬಾ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಹೊರಟಿತು.

ಅದಾಗಿ ಒಂದು ವಾರ ನಾನು ಫೋನನ್ನು ಕೈಗೆ ತೆಗೆದುಕೊಳ್ಳುವುದು, ಕಾರಣ ತೋಚದೆ ಕೆಳಗಿಡುವುದು ಇದೇ ಆಯಿತು. ಭಾನುವಾರ ಅವನದೇ ಫೋನ್ ಬಂತು. ಗಾಳಿ, ಮಳೆ, ಮೀನಿನ ಸುದ್ದಿ ಎಲ್ಲ ಸುತ್ತಿಕೊಂಡು ಬಂದು, ಕಂಪ್ಯೂಟರು ಸರಿಯಾಗಿ ಓಡುತ್ತಿದೆಯೋ ಎಂದು ಕೇಳಿದ. ಅದು ಬಹಳ ಚೆನ್ನಾಗಿ ಓಡುತ್ತಿತ್ತು. ಪ್ರೊಸೆಸರು ಯಾಕೋ ಮತ್ತೆ ಕೈಕೊಟ್ಟಿದೆ, ಚೆಂಡು ಹಿಡಿತಕ್ಕೇ ಸಿಗುತ್ತಿಲ್ಲ ಎಂದೆ. ಹಾಗಾದರೆ ತಾನೊಮ್ಮೆ ನೋಡಬೇಕಾಯಿತು ಎಂದು ಅವನು ಗಂಭೀರವಾಗಿ ಹೇಳಿದ. ಹೇಳುತ್ತಿದ್ದಂತೆ ಅವನ ಹಿಂದೆ ಕಂಡಕ್ಟರ್ ಕಾರವಾರಕ್ಕೆ ಇನ್ಯಾರಿಗೆ ಟಿಕೇಟು ಎಂದು ಕೂಗುವುದು ಕೇಳಿಸಿತು. ನಾನು ಫೋನಿಟ್ಟು, ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಸರಿಯಿದ್ದ ಪ್ರೊಸೆಸರನ್ನು ಕೆಡಿಸಲು ಕೂತೆ.