ಕೊಳೆ ಹಚ್ಚುವ ಸೊಸೆ

ನೆಂಟರಿಗೆ ಬಿಡಿಸಿ ಹೇಳಲು ಬಾರದಂಥ ಉದ್ಯೋಗ ಯಾರಿಗೂ ಬರಬಾರದು. ಟೀಚರು ಎಂದರೆ ಮುಗಿಯಿತು. ನರ್ಸು ಎಂದರೆ ಕೂಡಲೇ ತೋಳು ಚಾಚಿ ಬಿ.ಪಿ. ನೋಡು ಅನ್ನುತ್ತಾರೆ. ನನ್ನದು ವಿಡಿಯೋ ಗೇಮಿನ ಮನೆಗಳಿಗೆ ಟೆಕ್ಸ್ಚರ್ ಮಾಡುವ ಕೆಲಸ. ಅಂದರೆ, ಇನ್ನಾರೋ ಕಂಪ್ಯೂಟರಿನಲ್ಲಿ ಮನೆ ಕಟ್ಟಿ, ಬಾಗಿಲು ಕಿಟಕಿ ಕೂರಿಸಿ, ಬೋಳು ಬೂದುಬಣ್ಣದಲ್ಲಿ ಕಳಿಸುತ್ತಾರೆ. ಅದಕ್ಕೆ ಚರ್ಮ ಹೊದಿಸುವವಳು ನಾನು. ಇದು ಮಣ್ಣಿನ ಗೋಡೆ, ಇದು ತುಕ್ಕು ಹಿಡಿದ ಚಿಲಕ, ಇಲ್ಲಿ ಸುಣ್ಣ ಉದುರಿದೆ, ಇಲ್ಲಿ ಮಳೆನೀರು ಇಳಿದಿದೆ ಎಂದು ಆಡುವವರಿಗೆ ಅನ್ನಿಸಬೇಕು. ಇದನ್ನೆಲ್ಲ ಮದುವೆಯಾದ ಹೊಸತರಲ್ಲಿ ಅತ್ತೆಗೆ ಒಂದು ತಾಸು ಕೂತು ವಿವರಿಸಿದ್ದೆ. ಪಕ್ಕದ ಮನೆಯವರು ಕೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮ ಸೊಸಿ ಕಂಪ್ಯೂಟರಿನ್ಯಾಗ ಗ್ವಾಡಿಗೆ ಹೊಲಸು ಹಚ್ಚತಾಳ್ರಿ."

ನನ್ನ ಅತ್ತೆಯ ಬಾಯಲ್ಲಿ ಅದು ಸಣ್ಣ ಆರೋಪವಲ್ಲ. ಕೊಪ್ಪಳದ ನಮ್ಮ ಮನೆಯಲ್ಲಿ ಸ್ವಿಚ್ಚಿನ ಸುತ್ತ ಬೆರಳಿನ ಗುರುತು ಕಂಡರೆ ಅವರಿಗೆ ಚಹ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಗಂಡ, ನಲವತ್ತು ಮುಟ್ಟುತ್ತಿರುವ ಬ್ಯಾಂಕ್ ನೌಕರ, ಗೋಡೆಗೆ ಒರಗಿ ಪೇಪರ್ ಓದಿದರೆ "ಏಳಪಾ, ಬೆನ್ನಾಗ ಎಲುಬು ಐತಿಲ್ಲೋ?" ಎಂದು ಎಬ್ಬಿಸುತ್ತಾರೆ. ಅಂಥವರು ಹೊರಗೆ ಒರೆಸಿದ್ದನ್ನೆಲ್ಲ ನಾನು ಒಳಗೆ ಬಾಗಿಲು ಮುಂದೆ ಮಾಡಿಕೊಂಡು ಹಚ್ಚುತ್ತ ಕೂತಿರುತ್ತೇನೆ. ಅತ್ತೆ ಚಹ ತಂದುಕೊಟ್ಟರೂ ಕಂಪ್ಯೂಟರಿನ ಪರದೆಯ ಕಡೆ ಮುಖ ಮಾಡುವುದಿಲ್ಲ. ಕಪ್ಪನ್ನು ಇಟ್ಟು, ಇನ್ನೊಂದು ಕಡೆ ನೋಡುತ್ತ ಹೊರಟುಬಿಡುತ್ತಾರೆ.

ಈ ಚಳಿಗಾಲದಲ್ಲಿ ನನಗೊಂದು ಪೇಚು ಬಂತು. ಹೊಸ ಗೇಮಿನಲ್ಲಿ ಹಳ್ಳಿಯ ಅಡುಗೆಮನೆಯೊಂದು ಬೇಕಿತ್ತು. ಹೊಗೆ ಹಿಡಿದ ಗೋಡೆ, ಕಟ್ಟಿಗೆಯ ಒಲೆ. ಮೂರು ಸಲ ಮಾಡಿ ಕಳಿಸಿದೆ, ಮೂರು ಸಲವೂ ವಾಪಸ್ಸು ಬಂತು. ನಮ್ಮ ತಂಡದ ಮುಖ್ಯಸ್ಥರು ಹೈದರಾಬಾದಿನಲ್ಲಿದ್ದಾರೆ, ಮೆತ್ತಗಿನ ಮಾತಿನವರು. "ಕೊಳೆ ಬೇಕಾದಷ್ಟಿದೆ, ಆದರೆ ಇಲ್ಲಿ ಯಾರೂ ಬಾಳಿದ ಹಾಗಿಲ್ಲ" ಎಂದರು. ನಾಲ್ಕನೆಯದೂ ಹೀಗೇ ಆದರೆ ಅಡುಗೆಮನೆಯನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಕಲ್ಲು-ಪೊದೆಗಳ ವಿಭಾಗಕ್ಕೆ ಹಾಕುವುದೆಂದೂ ಅಷ್ಟೇ ಮೆತ್ತಗೆ ತಿಳಿಸಿದರು. ಕೊಪ್ಪಳದವಳಿಗೆ ಕಲ್ಲೇನು ಹೊಸತಲ್ಲ, ಕಿಟಕಿ ತೆರೆದರೆ ಗುಡ್ಡದ ತುಂಬ ಅದೇ. ಆದರೂ ಎಂಟು ವರ್ಷ ಮನೆಗಳನ್ನು ಮಾಡಿದವಳಿಗೆ ಈಗ ಪೊದೆಗೆ ಹೋಗು ಎನ್ನುವುದೇ?

ಆಗ ನೆನಪಾದದ್ದು ಹಿಟ್ನಾಳದ ದೊಡ್ಡತ್ತೆ, ನನ್ನ ಅತ್ತೆಯ ಅಕ್ಕ. ಅವರ ಗಂಡ ಮನೆಯಳಿಯನಾಗಿ ಬಂದವರು, ಹಾಗಾಗಿ ದೊಡ್ಡತ್ತೆ ಇಂದಿಗೂ ಹುಟ್ಟಿದ ಮನೆಯಲ್ಲೇ ಮಕ್ಕಳು ಸೊಸೆಯರೊಂದಿಗೆ ಇದ್ದಾರೆ. ಮುಂದಿನ ಅಡುಗೆಮನೆಗೆ ಗ್ಯಾಸ್ ಬಂದಿದ್ದರೂ ರೊಟ್ಟಿ ಮಾತ್ರ ಹಿತ್ತಲ ಕಡೆಯ ಹಳೇ ಅಡುಗೆಮನೆಯಲ್ಲಿ, ಕಟ್ಟಿಗೆಯ ಒಲೆಯ ಮೇಲೇ ಆಗಬೇಕು. ಫೋನ್ ಮಾಡಿದೆ. "ದೊಡ್ಡತ್ತೀ, ನಿಮ್ಮ ಹಿಂದಿನ ಅಡಗಿಮನಿ ಗ್ವಾಡಿ ಫೋಟೋ ಬೇಕಾಗೇತ್ರಿ. ನಮ್ಮ ಸಾಹೇಬರಿಗೆ ತೋರಸಬೇಕು. ನಾಡಿದ್ದು ಬರ್ತೀನಿ." ಅತ್ತಲಿಂದ ದೊಡ್ಡತ್ತೆ, "ಬಾರವಾ, ಬಾ. ನಾಡಿದ್ದ ಬಾ, ನಾಳಿ ಬರಬ್ಯಾಡ" ಎಂದರು. ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳಿಗೆ ಆ ಮಾತಿನ ಅರ್ಥ ಅಲ್ಲೇ ಹೊಳೆಯಬೇಕಿತ್ತು.

ಅತ್ತೆಯನ್ನೂ ಕರೆದುಕೊಂಡು ಹೋದೆ. ಬಾಗಿಲು ತೆಗೆದರೆ ಕಣ್ಣು ಕೋರೈಸಿತು. ಅಡುಗೆಮನೆಯ ನಾಲ್ಕೂ ಗೋಡೆ ಹಾಲಿನಂತೆ ಬೆಳ್ಳಗೆ. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಪಟ್ಟಿಯ ಮೇಲೆ ರಂಗೋಲಿಯ ಎಳೆ. ನಡುವೆ ಇಳಕಲ್ ಸೀರೆ ಉಟ್ಟು, ಹೂ ಮುಡಿದು, ದೊಡ್ಡತ್ತೆ. "ಸೊಸ್ತೇರನ್ನ ಹಚ್ಚಿಕೊಂಡು ಮಸಿ ಎಲ್ಲಾ ತಿಕ್ಕಿ ತೊಳದು, ಎರಡು ಕೈ ಸುಣ್ಣಾ ಹೊಡದೀನವಾ. ನಿಮ್ಮ ಸಾಹೇಬರು ನೋಡತಾರಂದ ಮ್ಯಾಲ ಹೊಲಸು ಗ್ವಾಡಿ ತೋರಸಾಕ ಬರತೈತೇನು?" ಗಣಪತಿಯನ್ನು ಮಾಡೆಂದರೆ ಅವರಪ್ಪನನ್ನು ಮಾಡಿದ ಕತೆ. ನನಗೆ ಪೊದೆಗಳೇ ಕಣ್ಣ ಮುಂದೆ ಬಂದವು. ಆದರೆ ಆ ಮುಖದ ಮೇಲಿನ ಸಂಭ್ರಮ ನೋಡಿ, "ಭಾಳ ಛಲೋ ಆಗೇತ್ರಿ" ಎಂದು ಬಿಳಿ ಗೋಡೆಯ ಮೂವತ್ತು ಫೋಟೋ ತೆಗೆದೆ, ಅದರಲ್ಲಿ ಹನ್ನೆರಡರಲ್ಲಿ ದೊಡ್ಡತ್ತೆ ನಿಂತಿದ್ದಾರೆ.

ಅಷ್ಟರಲ್ಲಿ ನನ್ನ ಅತ್ತೆ ಒಲೆಯ ಬದಿಯ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತುಬಿಟ್ಟಿದ್ದರು. "ಅಕ್ಕಾ, ಅವ್ವನ ಜಾಗಾನೂ ಬಳದಿಯೇನು?"

ದೊಡ್ಡತ್ತೆಯ ಮುಖ ಸಣ್ಣದಾಯಿತು. "ಏನ್ ಮಾಡ್ಲಿ? ಅದೊಂದ ಕರ್ರಗ ಬಿಟ್ರ ಫೋಟೋ ಕೆಡತಿತ್ತು. ಸೊಸಿ ಮೊದಲ್ನೇ ಸಲ ನನ್ನ ಹತ್ರ ಏನಾರ ಕೇಳ್ಯಾಳ."

ವಿಷಯ ಇಷ್ಟು. ಇವರಿಬ್ಬರ ಅವ್ವ ದಿನಾ ರೊಟ್ಟಿ ಬಡಿದು ಮುಗಿಸಿ, ಅಲ್ಲೇ ಕೂತು, ಆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದರಂತೆ. ತಲೆಗೆ ಔಡಲೆಣ್ಣೆ. ಗೋಡೆಗೆ ಅದರ ಕಲೆ. ಅವರು ತೀರಿಕೊಂಡ ಮೇಲೆ ಪ್ರತಿವರ್ಷ ಸುಣ್ಣ ಬಳಿಯುವಾಗ ದೊಡ್ಡತ್ತೆ ಅಷ್ಟು ಜಾಗವನ್ನು ಬಿಟ್ಟೇ ಬಳಿಯುತ್ತಿದ್ದರು. ಹೊಗೆ ಕುಡಿದು ಕುಡಿದು, ಕಲೆ ಯಾವುದು ಮಸಿ ಯಾವುದು ತಿಳಿಯದಂತಾಗಿತ್ತು, ಆದರೂ ಬಿಡುತ್ತಿದ್ದರು. ನಾನು ಆ ಗೋಡೆಯ ಎದುರು ಕೂತು ಎಷ್ಟು ಸಲ ಬಿಸಿ ರೊಟ್ಟಿ ತಿಂದಿದ್ದೇನೋ. ಗೋಡೆ ನೋಡುವುದೇ ನನ್ನ ಕಸುಬು, ಒಮ್ಮೆಯೂ ನೋಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾತ್ರಿ ದೊಡ್ಡತ್ತೀ" ಎಂದೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ಇರಲಿ ಬಿಡವಾ, ಗ್ವಾಡಿ ಏನ್ ನಮ್ಮವ್ವ ಅಲ್ಲ." ಎಂದವರೇ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಹೊಗಿ ಭಾಳ" ಅಂದರು. ಒಲೆ ಇನ್ನೂ ಹಚ್ಚಿರಲಿಲ್ಲ.

ಏನು ಮಾಡಬೇಕೋ ತಿಳಿಯದೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ವಾಪಸ್ಸು ಬಂದಿದ್ದ ನನ್ನ ಅಡುಗೆಮನೆಯನ್ನು ತೋರಿಸಿ, "ಗ್ವಾಡಿ ಹೆಂಗಿತ್ತು ಹೇಳ್ರಿ, ಹಂಗ ಮಾಡ್ತೀನಿ" ಎಂದೆ. ನನ್ನ ಅತ್ತೆ ಮೊಟ್ಟಮೊದಲ ಸಲ ಪರದೆ ನೋಡಿದರು, ನೋಡಿದ್ದೇ ತಡ ತಪ್ಪು ಹುಡುಕಿದರು. "ಅಷ್ಟು ಮ್ಯಾಲ ಯಾಕ ಹೊಲಸು ಹಚ್ಚೀದಿ? ಅಲ್ಲಿ ಯಾರ ಕೈ ಹಾಯತೈತಿ?" ಹೊಗೆ ನೆಟ್ಟಗೆ ಏರುವುದಿಲ್ಲವಂತೆ, ಕಿಟಕಿಯ ಕಡೆ ವಾಲುತ್ತದಂತೆ. ಅವ್ವ ಏಳುವಾಗ ಊರುತ್ತಿದ್ದದ್ದು ಎಡಗೈ, ಹಿಟ್ಟು ಹತ್ತಿದ ಕೈ, ಒಂದೇ ಜಾಗಕ್ಕೆ. ಉಪ್ಪಿನ ಗಡಿಗೆಯ ಹಿಂದೆ ಗೋಡೆ ಉಬ್ಬಿತ್ತು. ನಾನು ಎಲ್ಲ ಕಡೆ ಸಮನಾಗಿ ಕೊಳೆ ಹಂಚಿದ್ದೆ, ಪಡಿತರ ಹಂಚಿದ ಹಾಗೆ. "ಇನ್ನಷ್ಟು ಹಚ್ಚು, ಜಿಪುಣತನಾ ಮಾಡಬ್ಯಾಡ" ಎಂದು ನನ್ನ ಅತ್ತೆ ಹೇಳುವುದನ್ನು ಈ ಕಿವಿಯಿಂದ ಕೇಳಿದೆ.

ಎಣ್ಣೆಯ ಕಲೆಗೆ ಬಂದಾಗ ಜಗಳ ಹತ್ತಿತು. ದೊಡ್ಡತ್ತೆ ಪರದೆಯ ಮೇಲೆ ಬೆರಳಿಟ್ಟು "ಇಲ್ಲಿ" ಎಂದರು. ಅತ್ತೆ ಕೆಳಗೆ ಬೆರಳಿಟ್ಟು, "ಇಲ್ಲಿ. ಅವ್ವ ಗಿಡ್ಡಕಿದ್ಲು."

"ಯಾರ ಗಿಡ್ಡಕಿ? ಕಿಲ್ಲೇದ ಕಂಬ ಇದ್ದಂಗಿದ್ಲು! ನೀ ಸಣ್ಣಾಕಿ, ನಿನಗೇನ ಗೊತ್ತು?"

"ಕಡೀ ದಿನದಾಗ ಇಲ್ಲೇ ಬಂದಿದ್ದು ತಲೀಗೆ ಎಣ್ಣಿ ಹಚ್ಚಿ ಹಿಕ್ಕಿದಾಕಿ ನಾನು. ನನಗ ಗೊತ್ತಿಲ್ಲೇನು?"

ಇಬ್ಬರೂ ಪರದೆಯಿಂದ ಬೆರಳು ತೆಗೆಯಲಿಲ್ಲ. ನಾನು ಊರ ಪಂಚರಂತೆ ನಡುವೆ ಒಂದು ದುಂಡನೆಯ ಕಲೆ ಇಟ್ಟು ಮುಗಿಸಿದೆ. ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಹೈದರಾಬಾದಿಗೆ ಮಾತ್ರ ಒಪ್ಪಿಗೆಯಾಯಿತು. "ಈಗ ಇಲ್ಲಿ ಯಾರೋ ಬಾಳಿದ್ದಾರೆ" ಎಂದು ಬರೆದರು. ಓದಿ ಹೇಳಿದರೆ ಅತ್ತೆ, "ಬಾಳ್ಯಾರಲ್ಲ ಮತ್ತ" ಎಂದು ಚಹದ ಕಪ್ಪು ತೊಳೆಯಲು ಹೋದರು.

ತಿಂಗಳು ಕಳೆದಿರಬೇಕು, ದೊಡ್ಡತ್ತೆಯ ಫೋನು. "ಲಗೂನ ಬರ್ರಿ. ಅವ್ವ ಹೊರಗ ಬಂದಾಳ." ಅತ್ತೆಯನ್ನು ಕರೆದುಕೊಂಡು ಓಡಿದೆ. ಹೋಗಿ ನೋಡಿದರೆ, ಒಲೆಯ ಬದಿಯಲ್ಲಿ ಎರಡು ಕೈ ಸುಣ್ಣವನ್ನು ತೋಯಿಸಿಕೊಂಡು ಎಣ್ಣೆಯ ಕಲೆ ಹಳದಿಯಾಗಿ ಮೇಲೆದ್ದಿತ್ತು. ಮಸಿಯೆಲ್ಲ ತೊಳೆದುಹೋಗಿದ್ದರಿಂದ ಅದರ ಆಕಾರ ಈಗ ಸ್ಪಷ್ಟ. ದುಂಡಗಿರಲಿಲ್ಲ. ಒಂದು ಗೇಣು ಉದ್ದಕ್ಕೆ, ಮೇಲಿಂದ ಕೆಳಗೆ ಇಳಿದಿತ್ತು. ಮೇಲಿನ ತುದಿ ದೊಡ್ಡತ್ತೆ ಬೆರಳಿಟ್ಟ ಎತ್ತರ, ಕೆಳಗಿನ ತುದಿ ನನ್ನ ಅತ್ತೆ ಬೆರಳಿಟ್ಟ ಎತ್ತರ. ಅಕ್ಕತಂಗಿ ಇಬ್ಬರೂ ತಮ್ಮ ತಮ್ಮ ತುದಿಗೆ ಬೆರಳಿಟ್ಟು ನೋಡಿದರು. ಕಡೆಗೆ ದೊಡ್ಡತ್ತೆ ತಂಗಿಯ ಕೈ ಹಿಡಿದು, "ಬಗ್ಗಿಕೋತ ಬಗ್ಗಿಕೋತ ಬಂದಾಳ ನೋಡ" ಎಂದರು.

ಮನೆಗೆ ಬಂದವಳೇ ಮುಖ್ಯಸ್ಥರಿಗೆ ಬರೆದೆ, ಒಂದು ಕಲೆಯನ್ನು ಒಂದು ಗೇಣು ಉದ್ದ ಮಾಡಬೇಕು ಎಂದು. ಒಪ್ಪಿಗೆಯಾದ ಗೋಡೆಗೆ ಮತ್ತೆ ಕೈ ಹಾಕುವುದೇಕೆ, ಆಡುವವರು ಅಲ್ಲಿ ನಿಂತು ನೋಡುವುದೂ ಇಲ್ಲವಲ್ಲ ಎಂದು ಕೇಳಿದರು. ತಾಂತ್ರಿಕ ಕಾರಣಗಳನ್ನು ಮೂರು ಸಾಲು ಬರೆದು ಅಳಿಸಿದೆ. ಆಮೇಲೆ ಇದ್ದದ್ದನ್ನೇ ಬರೆದೆ: "ಅಲ್ಲಿ ಒರಗುತ್ತಿದ್ದವರಿಗೆ ವಯಸ್ಸಾಗುತ್ತಿತ್ತು, ನಾನು ಗಮನಿಸಿರಲಿಲ್ಲ." ಅವರು "ಮಾಡಿ" ಎಂದಷ್ಟೇ ಉತ್ತರಿಸಿದರು. ಅರ್ಧ ತಾಸಿನ ಕೆಲಸ, ನನಗೆ ಎರಡು ದಿನ ಹಿಡಿಯಿತು. ಏಕೆಂದರೆ ನಡುನಡುವೆ ಪರದೆಯ ಮೇಲೆ ನಾನೇ ಬಳಿದ ಆ ಗೋಡೆಗೆ ಒಂದು ಗಳಿಗೆ ತಲೆ ಆನಿಸಬೇಕೆನ್ನಿಸಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಕೂರಬೇಕಾಗುತ್ತಿತ್ತು.