ರೆಫರಿಯ ಬೆನ್ನಿಗೊಂದು ಬಿನ್ನಹ

ಬಾಕ್ಸಿಂಗ್ ಕಣದ ನಟ್ಟನಡುವೆ ನಿಂತು ನ್ಯಾಯ ಹೇಳುವ ಮಾನ್ಯ ರೆಫರಿಯವರೇ,

ಹಿರಿಯೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಾ ಬಂದಿರುವ ತಿಪ್ಪೇಶನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಬೆನ್ನಂತೂ ಕ್ಷೇಮವಾಗಿದೆ, ಏಕೆಂದರೆ ಕಳೆದ ಭಾನುವಾರ ಚಿತ್ರದುರ್ಗದ ಪಂದ್ಯದಲ್ಲಿ ನಾನು ತೆಗೆದ ನಾನೂರ ಹನ್ನೆರಡು ಫೋಟೊಗಳ ಪೈಕಿ ಮುನ್ನೂರ ತೊಂಬತ್ತರಲ್ಲಿ ಅದೇ ಇದೆ. ಉಳಿದವುಗಳಲ್ಲಿ, ಒಂದನ್ನು ಬಿಟ್ಟು, ಕಣದ ಸುತ್ತಲಿನ ಹಗ್ಗವಿದೆ.

ನಾನು ಹೋದದ್ದು ಹರಿಯಬ್ಬೆಯ ಕುರಿಗಾಹಿ ಪಾಪಣ್ಣನವರ ಮಗಳು ದೇವಿಕಾಳಿಗಾಗಿ. ಮಗಳು ಏಟು ತಿನ್ನುವುದನ್ನು ಕಣ್ಣಾರೆ ನೋಡಲಾರೆನೆಂದು ತಾಯಿ ಬರಗೇರಮ್ಮ ಊರಲ್ಲೇ ಉಳಿದಿದ್ದರು. ಒಂದು ಫೋಟೊ ತಂದು ತೋರಿಸಿದರೆ, ಮಗಳನ್ನು ಮುಂದಿನ ಪಂದ್ಯಕ್ಕೆ ಕಳಿಸುವುದೋ ಬಿಡುವುದೋ ನೋಡಿ ಹೇಳುವುದಾಗಿ ತಿಳಿಸಿ ಅವರು ಆ ಕೆಲಸವನ್ನು ನನಗೆ ಒಪ್ಪಿಸಿದ್ದರು.

ಇಂಥ ಜವಾಬ್ದಾರಿ ಹೊತ್ತವನು ಬರಿಗೈಯಲ್ಲಿ ಹೋಗಲಿಲ್ಲ. ಮೊಬೈಲಿನಲ್ಲಿ ಓದಿದ ಬುದ್ಧಿಮಾತುಗಳನ್ನೆಲ್ಲ ಅಂಗೈ ಮೇಲೆ ಬರೆದುಕೊಂಡಿದ್ದೆ: ಫ್ಲ್ಯಾಶ್ ಬೇಡ, ಶಟರ್ ವೇಗ ಹೆಚ್ಚಿರಲಿ, ಹಗ್ಗದ ಸಂದಿಯಿಂದ ತೆಗೆ, ಏಟು ಬೀಳುವ ಮೊದಲೇ ಗುಂಡಿ ಒತ್ತು. ರೆಫರಿ ಎಂಬ ಮಹನೀಯರು, ನಾನು ಎಡಕ್ಕೆ ಸರಿದರೆ ಎಡಕ್ಕೂ ಬಲಕ್ಕೆ ಸರಿದರೆ ಬಲಕ್ಕೂ ಬಂದು ದರ್ಶನ ಕೊಡುತ್ತಾರೆಂದು ಮಾತ್ರ ಯಾರೂ ಬರೆದಿರಲಿಲ್ಲ. ಮೂರು ಸುತ್ತು ಮುಗಿದರೂ ಸುಕ್ಕು ಬೀಳದ ತಮ್ಮ ಬಿಳಿ ಅಂಗಿಯ ಇಸ್ತ್ರಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಮದುವೆಮನೆಯಲ್ಲಿ ನಾನು ಕೈ ಎತ್ತಿದರೆ ವರ ತಾಳಿ ಹಿಡಿದು ಹಾಗೇ ನಿಲ್ಲುತ್ತಾನೆ, ಪುರೋಹಿತರೂ ಮಂತ್ರ ತಡೆಯುತ್ತಾರೆ. ಆ ಪದ್ಧತಿಯನ್ನು ತಾವೂ ಜಾರಿಗೆ ತಂದು, ಮುಷ್ಟಿ ಕೆನ್ನೆಗೆ ತಾಗಿದ ಮೇಲೆ ಅಲ್ಲೇ ನಿಲ್ಲಿಸಬೇಕಾಗಿಯೂ, ಫೋಟೊ ಅಲುಗಿದ್ದರೆ ಅದೇ ಏಟನ್ನು ಅದೇ ಜಾಗಕ್ಕೆ ಇನ್ನೊಮ್ಮೆ ಹಾಕಿಸಬೇಕಾಗಿಯೂ, ಇದಾವುದೂ ಆಗದಿದ್ದಲ್ಲಿ ತಾವು ಪಾರದರ್ಶಕರಾಗಬೇಕಾಗಿಯೂ ಕೋರುತ್ತೇನೆ.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಕೊನೆಯ ಸುತ್ತಿನಲ್ಲಿ ತಾವು ಕೃಪೆಯಿಟ್ಟು ಪಕ್ಕಕ್ಕೆ ಸರಿದಾಗ ದೇವಿಕಾಳ ಮುಖ ಕಂಡಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತಡೆಯಲಿಲ್ಲ: “ದೇವಿಕಾ, ಇಲ್ಲಿ ನೋಡವ್ವ, ಸ್ವಲ್ಪ ನಗು.” ದೊಡ್ಡವರ ಮಾತು ಮೀರದ ಹುಡುಗಿ, ತಿರುಗಿ ನಕ್ಕಳು. ನಾನು ಗುಂಡಿ ಒತ್ತಿದೆ, ಎದುರಾಳಿ ಬಾರಿಸಿದಳು, ದೇವಿಕಾ ಬಿದ್ದಳು. ತಾವು ಎಂಟರವರೆಗೆ ಎಣಿಸುವಷ್ಟರಲ್ಲಿ ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವಳು ಎದ್ದಳು, ಗೆದ್ದಳು. ತಾವು ಅವಳ ಕೈ ಎತ್ತಿ ಹಿಡಿದಾಗಲೂ ಬೆನ್ನು ನನ್ನ ಕಡೆಗೇ ಇತ್ತು.

ಹೀಗಾಗಿ ಉಳಿದದ್ದು ಆ ಒಂದೇ ಫೋಟೊ: ಕೆನ್ನೆಗೆ ನಾಲ್ಕು ಬೆರಳು ದೂರದಲ್ಲಿ ಕೆಂಪು ಗ್ಲೌಸು, ಮುಖದ ತುಂಬ ನಗು. ಭಯದಿಂದಲೇ ಬರಗೇರಮ್ಮನವರ ಕೈಗಿಟ್ಟೆ. ಬಹಳ ಹೊತ್ತು ನೋಡಿದರು. “ಏಟು ಮುಂದೆ ಬಂದು ನಿಂತೈತೆ, ಇವ್ಳು ನಗ್ತಾಳೆ. ಹೋಗ್ಲಿ ಬಿಡ್ರಿ, ಇವಳ್ನ ನಾನ್ಯಾಕೆ ತಡೀಲಿ” ಎಂದರು. ದೇವಿಕಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಆ ನಗು ಯಾರ ಮಾತಿಗೆ ಬಂದದ್ದೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ತಮ್ಮ ಬೆನ್ನನ್ನು ತಮಗಿಂತ ಚೆನ್ನಾಗಿ ಬಲ್ಲ,
ತಮ್ಮ ವಿಶ್ವಾಸಿ,
ತಿಪ್ಪೇಶ್, ಫೋಟೊಗ್ರಾಫರ್, ಹಿರಿಯೂರು

ವಿ.ಸೂ.: ಪಂದ್ಯ ಮುಗಿದ ಮೇಲೆ, ತಮ್ಮದೊಂದು ಒಳ್ಳೆಯ ಫೋಟೊ ಇದ್ದರೆ ಕಳಿಸಲು ಹೇಳಿದ್ದಿರಿ. ಮುನ್ನೂರ ತೊಂಬತ್ತನ್ನೂ ಕಳಿಸಿದ್ದೇನೆ. ಮುಖವೇ ಬೇಕಿದ್ದರೆ ಮುಂದಿನ ಪಂದ್ಯದಲ್ಲಿ ನಾನು ಕರೆದಾಗ ತಿರುಗಿ ನಗಬೇಕು. ಗ್ಲೌಸಿನ ಜವಾಬ್ದಾರಿ ನನ್ನದಲ್ಲ.